ಬರಿ ಕೇಳಿ ತಂದೆಯ ವಂಶ ಹುಡುಕಿದ್ದು

"ಬರಿ ಬೇರೆಯಾಗಿದ್ದರೆ ಸಂಬಂಧಿಗಳಲ್ಲ ಎಂದು ಪರಿಗಣಿಸುವುದು." ನಮ್ಮ ಮಾದರಿ ಸಂಗ್ರಹದ ಫಾರ್ಮಿನ ಏಳನೆಯ ಸಾಲು ಇದು. ಟೈಪ್ ಮಾಡಿದ್ದು ನಾನು. ಎರಡು ಸಲ ಓದಿ, ಕಾಗುಣಿತ ನೋಡಿ, ಎಥಿಕ್ಸ್ ಕಮಿಟಿಗೆ ಕಳಿಸಿದ್ದೂ ನಾನು. ಕಮಿಟಿಯಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ತುಳು ಮಾತಾಡುವವರೇ. ಯಾರೂ ತಕರಾರು ತೆಗೆಯಲಿಲ್ಲ. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಹಾಗೆ ಹೊರಿಸುವ ಚಾಳಿ ನನಗೆ ಎಷ್ಟಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ನಾನು ಮೂಡುಬಿದಿರೆ ಹತ್ತಿರದ ಒಂದು ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನ ಕಲಿಸುವವನು. ಕೈಗೆತ್ತಿಕೊಂಡ ಕೆಲಸ ಹೇಳಲು ಸರಳ. ಗಂಡಸಿನ ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೆಯೇ ಇಳಿಯುತ್ತದೆ. ಅದರ ಕೆಲವು ಜಾಗಗಳಲ್ಲಿ ಒಂದು ಚಿಕ್ಕ ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ. ಒಬ್ಬನಲ್ಲಿ ಹದಿನಾಲ್ಕು ಸಲ, ಇನ್ನೊಬ್ಬನಲ್ಲಿ ಹದಿನಾರು ಸಲ. ಅಂಥ ಜಾಗಕ್ಕೆ ಮಾರ್ಕರ್ ಎನ್ನುತ್ತೇವೆ. ಇಪ್ಪತ್ಮೂರು ಮಾರ್ಕರ್‌ಗಳನ್ನು ಎಣಿಸಿ ಸಾಲಾಗಿ ಬರೆದರೆ ಒಬ್ಬ ಗಂಡಸಿನ ತಂದೆಯ ಕಡೆಯ ಗುರುತು ಸಿಗುತ್ತದೆ. ನಮ್ಮ ಕರಾವಳಿಗೆ ಹಡಗುಗಳು ಬಂದಿವೆ, ಘಟ್ಟದ ಮೇಲಿನವರು ಇಳಿದಿದ್ದಾರೆ, ಬಂದವರು ಇಲ್ಲಿಯ ಹೆಂಗಸರನ್ನು ಮದುವೆಯಾಗಿ ನಿಂತಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಬ್ಯಾರಿ ಮುಸ್ಲಿಮರ ಮನೆಗಳಲ್ಲೂ, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲೂ ತಂದೆಯ ಬೇರುಗಳು ಎಷ್ಟು ಬಗೆಯವು, ಎಲ್ಲಿ ಹಂಚಿಕೊಂಡಿವೆ ಎಂದು ನೋಡುವುದು ನಮ್ಮ ಉದ್ದೇಶ. ಮುಖ್ಯವಾದ ಷರತ್ತು ಒಂದೇ: ಮಾದರಿ ಕೊಡುವವರು ತಂದೆಯ ಕಡೆಯಿಂದ ಹತ್ತಿರದ ಸಂಬಂಧಿಗಳಾಗಿರಬಾರದು. ಒಂದೇ ಮನೆಯವರನ್ನು ಎಣಿಸಿ ಊರೇ ಹೀಗೆ ಎಂದರೆ ನಗೆಪಾಟಲು.

ಅದನ್ನು ತಪ್ಪಿಸಲೆಂದೇ ಆ ಏಳನೆಯ ಸಾಲು. ಬರಿ ಎಂದರೆ ತುಳುವರಲ್ಲಿ ಗೋತ್ರದ ಹಾಗೆ. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ಆದರೆ ಅದು ಬರುವುದು ತಾಯಿಯಿಂದ. ಇದನ್ನು ನನಗೆ ಯಾರೂ ಪಾಠ ಮಾಡಬೇಕಿರಲಿಲ್ಲ, ಅದರಲ್ಲೇ ಹುಟ್ಟಿ ಬೆಳೆದವನು ನಾನು.

ಕೆಲಸದಲ್ಲಿ ನನ್ನ ಜೊತೆಗಿದ್ದವಳು ನನ್ನ ಸಂಶೋಧನಾ ವಿದ್ಯಾರ್ಥಿನಿ, ಬೆಳ್ತಂಗಡಿ ಕಡೆಯ ಹುಡುಗಿ. ಈ ಮಾದರಿಗಳೇ ಅವಳ ಪಿಎಚ್‌ಡಿ. ನಮ್ಮಲ್ಲಿ ಇಲ್ಲದ ದೊಡ್ಡ ಯಂತ್ರ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿತ್ತು. ಅಲ್ಲಿಯ ಹಿರಿಯ ವಿಜ್ಞಾನಿ ಮೇಡಂ ನಮ್ಮ ಸಹಮಾರ್ಗದರ್ಶಕಿ. ಥೀಸಿಸ್ ಸಲ್ಲಿಸಿದ ಕೂಡಲೇ ತಮ್ಮ ಪ್ರಾಜೆಕ್ಟಿನಲ್ಲಿ ಇವಳಿಗೆ ಹುದ್ದೆ ಕೊಡುವುದಾಗಿ ಅವರು ಮಾತು ಕೊಟ್ಟಿದ್ದರು. ಆ ಹುದ್ದೆಯ ಮೇಲೆ ಅವಳ ಕಣ್ಣಿತ್ತು. ತಿಂಗಳಿಗೊಮ್ಮೆ ಮಾದರಿಗಳನ್ನು ಬೆಂಗಳೂರಿಗೆ ಒಯ್ದು ಬಂದಾಗಲೆಲ್ಲ, "ಅಲ್ಲಿ ಕೆಲಸ ಮಾಡುವುದೇ ಬೇರೆ ಸರ್" ಎನ್ನುತ್ತಿದ್ದಳು.

ಮೊದಲ ಮನೆ ಪುತ್ತಿಗೆಯಲ್ಲಿ, ಒಬ್ಬ ನಿವೃತ್ತ ಮೇಷ್ಟ್ರದ್ದು. ಜಗಲಿಯಲ್ಲಿ ಕುಳಿತು ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಹಾಕಿಸಿ, ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಬದಿ ಉಜ್ಜಿ ತೆಗೆದೆವು. ಕಡ್ಡಿಯನ್ನು ಆರಿಸಿ ಕಾಗದದ ಲಕೋಟೆಗೆ ಹಾಕಬೇಕು. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಫಾರ್ಮ್ ತುಂಬುತ್ತಾ ವಿದ್ಯಾರ್ಥಿನಿ ಪೆನ್ನು ನಿಲ್ಲಿಸಿದಳು.

"ಸರ್, ಬರಿ ಬರುವುದು ಅಮ್ಮನಿಂದ ಅಲ್ವಾ? ನಮಗೆ ಬೇಕಾದ್ದು ತಂದೆಯ ಕಡೆ. ಅಜ್ಜ, ಮುತ್ತಜ್ಜ ಯಾರು ಅಂತ ಕೂಡ ಕೇಳುವ?"

ಮೇಷ್ಟ್ರ ಅಕ್ಕ, ಎಂಬತ್ತು ದಾಟಿದ ಹೆಂಗಸು, ಬಾಗಿಲ ಹತ್ತಿರ ನಿಂತಿದ್ದರು. "ಹೌದು ಮಾರಾಯ್ರೆ, ಅಪ್ಪನ ಕಡೆ ಕೇಳುವುದಾದ್ರೆ ನಾನು ಹೇಳ್ತೇನೆ. ಇವರಿಗೆಲ್ಲ ಎಂತ ಗೊತ್ತುಂಟು" ಎಂದರು.

ನನಗೆ ರೇಗಿತು. ಮಾದರಿ ಕೊಡುವವರ ಮುಂದೆ ವಿದ್ಯಾರ್ಥಿನಿ ಗುರುವಿಗೆ ಹೇಳಿಕೊಡುವುದೇ ಎಂಬ ಅಹಂಕಾರ, ಅಷ್ಟೆ. "ಫಾರ್ಮ್ ಕಮಿಟಿಯಲ್ಲಿ ಪಾಸಾಗಿದೆ. ಇದ್ದದ್ದನ್ನು ಇದ್ದ ಹಾಗೆ ತುಂಬು. ನಮ್ಮ ಜನರ ವಿಷಯ ನನಗೆ ಗೊತ್ತಿಲ್ಲವಾ?" ಎಂದೆ. ಅಕ್ಕನಿಗೆ, "ಇದು ಗಂಡಸರ ಟೆಸ್ಟ್ ಅಮ್ಮ, ನಿಮಗೆ ತೊಂದರೆ ಬೇಡ" ಎಂದು ನಕ್ಕೆ. ಅವರು ಒಳಗೆ ಹೋಗಿ ಬೆಲ್ಲ, ನೀರು ಕಳಿಸಿದರು. ವಿದ್ಯಾರ್ಥಿನಿ ಆಮೇಲೆ ಆ ಪ್ರಶ್ನೆ ಎತ್ತಲಿಲ್ಲ.

ಮೂರು ತಿಂಗಳು ಓಡಾಡಿದೆವು. ಪುತ್ತಿಗೆ, ಪುಂಜಾಲಕಟ್ಟೆ, ಬೆಳ್ತಂಗಡಿಯ ಆಚೀಚೆ. ಒಂದೇ ಬರಿಯ ಇಬ್ಬರು ಸಿಕ್ಕರೆ ಎರಡನೆಯವರಿಗೆ ಕೈಮುಗಿದು ಬೇಡ ಎಂದೆವು. ಹಾಗೆ ಬೇಡವೆಂದವರಲ್ಲಿ ಒಬ್ಬರು ರಜೆ ಹಾಕಿ ಕಾದು ಕುಳಿತಿದ್ದರು. ಕಲ್ಲಡ್ಕದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಾಜಿಯವರು ಬ್ಯಾರಿ ಮನೆಗಳ ಪರಿಚಯ ಮಾಡಿಸಿದರು. ಅಲ್ಲಿ ಮಾತ್ರ ನಾನು ಬಹಳ ಹುಷಾರು. ಅವರ ಪದ್ಧತಿ ನನಗೆ ಗೊತ್ತಿಲ್ಲವಲ್ಲ ಎಂದು ತಂದೆ, ಅಜ್ಜ, ಮುತ್ತಜ್ಜ, ಅವರು ಯಾವ ಊರಿಂದ ಬಂದರು ಎಂದು ಬಿಡದೆ ಕೇಳಿ ಬರೆದುಕೊಂಡೆ. ಬೇರೆಯವರ ಮನೆಯಲ್ಲಿ ವಿಜ್ಞಾನಿ, ನಮ್ಮವರ ಮನೆಯಲ್ಲಿ ಯಜಮಾನ.

ಲ್ಯಾಬಿನ ಕೆಲಸ ಮೊದಲು ಕೈಕೊಟ್ಟಿತು. ಮೊದಲ ತಂಡದ ಕಾಲುಭಾಗ ಕಡ್ಡಿಗಳಲ್ಲಿ ಸಾಕಷ್ಟು ಡಿಎನ್‌ಎ ಸಿಗಲಿಲ್ಲ. ಮತ್ತೆ ಮನೆಮನೆಗೆ ಹೋಗಿ ಉಜ್ಜಿ ತಂದಳು. ಪ್ರತಿ ಸುತ್ತಿನಲ್ಲೂ ಎರಡು ಕಾವಲು ಇಡುತ್ತಿದ್ದೆವು. ಒಂದು, ಅವಳದೇ ಡಿಎನ್‌ಎ. ಹೆಣ್ಣಿನದಾದ್ದರಿಂದ ಅಲ್ಲಿ ಏನೂ ಕಾಣಿಸಬಾರದು, ಕಂಡರೆ ಎಲ್ಲೋ ಬೆರಕೆಯಾಗಿದೆ ಎಂದರ್ಥ. ಇನ್ನೊಂದು, ನನ್ನ ವೈ ಗುರುತು. ಯಾವುದಾದರೂ ಮಾದರಿ ಅದಕ್ಕೆ ಹೋಲಿದರೆ ನನ್ನ ಎಂಜಲೋ ಬೆವರೋ ಬಿದ್ದಿದೆ ಎಂದು ತಿಳಿಯಬೇಕು. ಎರಡೂ ಕೊನೆಯವರೆಗೆ ಶುದ್ಧವಾಗಿದ್ದವು. ಆ ಹುಡುಗಿ ಪ್ರಯೋಗದಲ್ಲಿ ಅಷ್ಟು ಅಚ್ಚುಕಟ್ಟು. ಇದನ್ನು ಇಲ್ಲಿ ಒತ್ತಿ ಬರೆಯುವುದಕ್ಕೆ ಕಾರಣವಿದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಫಲಿತಾಂಶ ಬಂತು. ಅಳಿಯಸಂತಾನದ ಮನೆಗಳ ಪಟ್ಟಿಯಲ್ಲಿ ಆರು ಜನ ಕಣ್ಣಿಗೆ ಹೊಡೆದರು. ಐವರಲ್ಲಿ ಇಪ್ಪತ್ಮೂರು ಸಂಖ್ಯೆಗಳೂ ತದ್ರೂಪ. ಆರನೆಯವನಲ್ಲಿ ಒಂದು ಮಾರ್ಕರಿನಲ್ಲಿ ಮಾತ್ರ ಹದಿನೈದರ ಬದಲು ಹದಿನಾರು. ಬೆರಕೆಯಿರಬಹುದೆಂದು ಹೊಸದಾಗಿ ಡಿಎನ್‌ಎ ತೆಗೆದು ಮತ್ತೆ ನಡೆಸಿದೆವು. ಅದೇ ಬಂತು. ಮೂವರು ಪುತ್ತಿಗೆ ಕಡೆಯವರು, ಮೂವರು ಪುಂಜಾಲಕಟ್ಟೆಯವರು. ಆರು ಬರಿ.

ಆರು ಬೇರೆ ಬೇರೆ ಬರಿ, ಆದರೂ ಒಂದೇ ಗುರುತು! ಹಿಂದೆಂದೋ ಈ ಸೀಮೆಗೆ ಬಂದು ನೆಲೆಸಿದ ಒಬ್ಬ ಮೂಲಪುರುಷ, ಅವನ ಸಂತತಿ ಎಲ್ಲ ಬರಿಗಳಲ್ಲಿ ಹರಡಿದೆ ಎಂದು ನನ್ನ ತಲೆ ಓಡಿತು. ಆ ಒಂದು ಸಂಖ್ಯೆಯ ವ್ಯತ್ಯಾಸ ಹಿಡಿದು ಲೆಕ್ಕ ಹಾಕಿ ಅವನನ್ನು ಕೆಲವು ನೂರು ವರ್ಷ ಹಿಂದಕ್ಕೆ ಅಟ್ಟಿದೆ. ವಿದ್ಯಾರ್ಥಿನಿ, "ಇಷ್ಟು ಬೇಗ ಬರೆಯುವುದು ಬೇಡ ಸರ್" ಎಂದಳು. ಅವಳಿಗೆ ಧೈರ್ಯ ಸಾಲದು ಎಂದುಕೊಂಡು ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿಯೇಬಿಟ್ಟೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಅಭಿನಂದನೆಯ ಚಹಾ ಕೂಡ ಕುಡಿದೆ.

ವಾರದೊಳಗೆ ಬೆಂಗಳೂರಿನ ಮೇಡಂ ಅವರ ಮೇಲ್ ಬಂತು. ಎರಡೇ ಸಾಲು. ಈ ಆರು ಮಂದಿ ನೋಡಲು ದಾಯಾದಿಗಳ ಹಾಗಿದ್ದಾರೆ, ಆಯ್ಕೆ ಹೇಗೆ ಮಾಡಿದಿರಿ ಎಂದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೂಡಲೇ ಉತ್ತರ ಬರೆದೆ. "ಕ್ಷೇತ್ರದಲ್ಲಿ ಆಯ್ಕೆಯನ್ನು ವಿದ್ಯಾರ್ಥಿನಿ ನೋಡಿಕೊಂಡಿದ್ದಾಳೆ. ಸಂಬಂಧ ವಿಚಾರಿಸುವಲ್ಲಿ ಅವಳಿಂದ ಅಜಾಗರೂಕತೆ ಆಗಿರಬಹುದು. ಪರಿಶೀಲಿಸುತ್ತೇನೆ." ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ನಾನು ಹೊರತೆಗೆದುಕೊಂಡಿದ್ದೆ. ಬರೆಯುವಾಗ ಅದು ಸುಳ್ಳೆಂದು ಪೂರ್ತಿ ಗೊತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಗೊತ್ತಿತ್ತು. ಅವಳು ಫಾರ್ಮಿನ ಒಂದಕ್ಷರ ದಾಟಿರಲಿಲ್ಲ, ದಾಟಬೇಡವೆಂದು ಗದರಿದವನೇ ನಾನು.

ಮೇಡಂ "ಸರಿ, ನೋಡಿ ತಿಳಿಸಿ" ಎಂದು ತಂಡದ ಎಲ್ಲರನ್ನೂ ಸೇರಿಸಿ ಉತ್ತರ ಕಳಿಸಿದ್ದರು. ಕೆಳಗೆ ನನ್ನ ಮೇಲ್ ಹಾಗೆಯೇ ಅಂಟಿಕೊಂಡಿತ್ತು. ವಿಳಾಸದ ಸಾಲಿನಲ್ಲಿ ವಿದ್ಯಾರ್ಥಿನಿಯ ಹೆಸರೂ ಇತ್ತು. ಮರುದಿನ ಅವಳು ಎಂದಿನಂತೆ ಒಂಬತ್ತಕ್ಕೆ ಬಂದು, ಪಿಪೆಟ್ ಒರೆಸಿ, ಕೆಲಸಕ್ಕೆ ಕುಳಿತಳು. ಓದಿದ್ದಾಳೆಂದು ಅವಳ "ಗುಡ್ ಮಾರ್ನಿಂಗ್" ಕೇಳಿದ ಕೂಡಲೇ ತಿಳಿಯಿತು. ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡು ಇಡೀ ದಿನ ಕಳೆದೆ.

ಆ ವಾರ ಒಪ್ಪಿಗೆ ಪತ್ರದ ಪ್ರತಿಗಳನ್ನು ಕೊಡಲು ಕಲ್ಲಡ್ಕಕ್ಕೆ ಹೋದೆವು. ಹಾಜಿಯವರು ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರು. ಯಾರ ಹೆಸರೂ ಊರೂ ಹೇಳದೆ, ಬೇರೆ ಬೇರೆ ಬರಿಯವರಲ್ಲಿ ಒಂದೇ ಗುರುತು ಸಿಕ್ಕಿದ ಕಥೆಯನ್ನು ವಿವರಿಸಿದೆ. ಅವರು ಅರ್ಧ ಇಂಚಿನ ನಲ್ಲಿಗಳನ್ನು ಪೆಟ್ಟಿಗೆಗೆ ತುಂಬುತ್ತಾ ಕೇಳುತ್ತಿದ್ದರು.

"ಅಲ್ಲ ಸಾರ್, ನಮ್ಮಲ್ಲಿ ನೀವು ಮುತ್ತಜ್ಜನ ಹೆಸರಿನವರೆಗೆ ಕೇಳಿದಿರಿ. ನಮ್ಮ ಅಳಿಯನಿಗೆ ಗೊತ್ತಿರಲಿಲ್ಲ, ಅವ ದುಬೈಯಲ್ಲಿರುವ ಅವನ ಅಪ್ಪನಿಗೆ ಫೋನ್ ಮಾಡಿ ಕೇಳಿದ್ದ. ಅವರಲ್ಲಿಯೂ ಹಾಗೆ ಕೇಳಿದ್ದೀರಲ್ಲ?"

"ಅಲ್ಲಿ ಬರಿ ಕೇಳಿದರೆ ಸಾಕು ಹಾಜಿಯವರೇ. ಬರಿ ಬೇರೆ ಆದರೆ ಸಂಬಂಧ ಇಲ್ಲ."

"ಬರಿ ತಾಯಿಯದ್ದಲ್ವಾ? ನಾನು ಇಷ್ಟು ವರ್ಷ ಇದೇ ಪೇಟೆಯಲ್ಲಿ ಇದ್ದವ, ಅಷ್ಟು ಗೊತ್ತುಂಟು." ಅವರು ಪೆಟ್ಟಿಗೆ ಮುಚ್ಚಿದರು. "ಹಾಗಾದ್ರೆ ಸಾರ್, ನಿಮ್ಮದೂ ನಿಮ್ಮ ಮಗನದ್ದೂ ಬರಿ ಒಂದೇಯಾ?"

ನನ್ನ ಬರಿ ನನ್ನ ತಾಯಿಯದು. ಮಗನದು ನನ್ನ ಹೆಂಡತಿಯದು. ನನ್ನ ಫಾರ್ಮಿನ ಏಳನೆಯ ಸಾಲಿನ ಪ್ರಕಾರ ನನಗೂ ನನ್ನ ಮಗನಿಗೂ ಸಂಬಂಧವಿಲ್ಲ. ಅಷ್ಟೇ ಅಲ್ಲ, ಒಂದೇ ಬರಿಯೆಂದು ಕೈಮುಗಿದು ಕಳಿಸಿದವರ ತಂದೆಯಂದಿರು ಬೇರೆ ಬೇರೆ ಮನೆಗಳಿಂದ ಬಂದವರು. ನಮಗೆ ಬೇಕಾಗಿದ್ದವರು ಅವರೇ. ಕಾಳನ್ನು ತೂರಿ ಹೊಟ್ಟನ್ನು ಮೂಟೆ ಕಟ್ಟಿದ್ದೆ. ವಿದ್ಯಾರ್ಥಿನಿ ಪಕ್ಕದಲ್ಲೇ ನಿಂತು ಪೇಂಟ್ ಡಬ್ಬಿಗಳ ಬೆಲೆಪಟ್ಟಿ ಓದುತ್ತಿದ್ದಳು, ಅಥವಾ ಓದುವಂತೆ ನಿಂತಿದ್ದಳು.

ಬಸ್ಸಿನಲ್ಲಿ ನಾನೇ ಮಾತು ತೆಗೆದೆ. ಆರು ಜನರ ಮನೆಗೆ ಹೋಗಿ ಅಜ್ಜಂದಿರ ವಿಷಯ ಕೇಳೋಣ ಎಂದೆ.

"ಅವರನ್ನು ಮಾತ್ರ ಕೇಳಿದ್ರೆ ರಿಸಲ್ಟ್ ಹೇಳಿದ ಹಾಗೆ ಆಗ್ತದೆ ಸರ್. ಹೇಳುವುದಿಲ್ಲ ಅಂತ ಬರೆದುಕೊಟ್ಟಿದ್ದೇವಲ್ಲ. ಕೇಳುವುದಾದ್ರೆ ಎಲ್ಲರನ್ನೂ ಕೇಳುವ. ಮತ್ತೆ, ಗಂಡಸರನ್ನು ಕೇಳಿ ಪ್ರಯೋಜನ ಇಲ್ಲ. ಮನೆಯ ಹೆಂಗಸರನ್ನು ಕೇಳುವ."

ಕಮಿಟಿಯ ಒಪ್ಪಿಗೆ ಹೊಸದಾಗಿ ಪಡೆದು ಪುತ್ತಿಗೆಯಿಂದಲೇ ಶುರು ಮಾಡಿದೆವು. ಮೇಷ್ಟ್ರ ಅಕ್ಕ ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಜಗಲಿಯ ನಡುವೆ ಕುಳಿತರು. ಊರಿನ ಒಂದೊಂದೇ ಮನೆ ಹಿಡಿದು, ಯಾರ ಮಗ ಯಾವ ಮನೆಗೆ ಮದುವೆಯಾಗಿ ಹೋದ, ಅವನ ಮಕ್ಕಳು ಎಲ್ಲಿ ಬೆಳೆದರು ಎಂದು ಹೇಳುತ್ತಾ ಹೋದರು. ವಿದ್ಯಾರ್ಥಿನಿ ಬರೆದುಕೊಂಡಳು. ಒಂದು ಗಂಟೆಯ ಮೇಲೆ ಒಂದು ಹೆಸರು ಬಂತು. ಬಂಟ್ವಾಳ ಪೇಟೆಯಿಂದ ಉಪ್ಪು, ಒಣಮೀನು ಗಾಡಿಯಲ್ಲಿ ಹೇರಿ ಘಟ್ಟದ ಮೇಲಕ್ಕೆ ಒಯ್ಯುತ್ತಿದ್ದ ಒಬ್ಬಾತ. ಪುತ್ತಿಗೆಯಲ್ಲಿ ಮದುವೆಯಾಗಿದ್ದ. ಹೆಂಡತಿ ತೀರಿಕೊಂಡ ಮೇಲೆ ಪುಂಜಾಲಕಟ್ಟೆಯಲ್ಲಿ ಇನ್ನೊಂದು ಮದುವೆ.

"ಎರಡು ಕಡೆಯೂ ಗಂಡುಮಕ್ಕಳೇ. ಅವರು ಅವರವರ ಅಮ್ಮನ ಮನೆಯಲ್ಲಿ ಬೆಳೆದ್ರು. ಅವರ ಮಕ್ಕಳು ಅವರ ಅಮ್ಮಂದಿರ ಮನೆಯಲ್ಲಿ. ಈಗಿನವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ಬರಿ ಎಲ್ಲ ಬೇರೆ ಆಗಿಹೋಯ್ತು. ಎಲ್ಲ ಅವನ ಮರಿಮಕ್ಕಳೇ. ನಾನು ಚಿಕ್ಕವಳಿದ್ದಾಗ ಈ ಜಗಲಿಯಲ್ಲೇ ಕೂತು ಎಲೆ ತಿನ್ನುತ್ತಿದ್ದ ಮಾರಾಯ್ರೆ, ದೊಡ್ಡ ಗಂಟಲು."

ಅವರು ಹೇಳಿದ ಮನೆಗಳನ್ನು ನಮ್ಮ ಪಟ್ಟಿಗೆ ಹೋಲಿಸಿದ್ದು ಲ್ಯಾಬಿಗೆ ಬಂದ ಮೇಲೆ. ಆರಕ್ಕೆ ಆರೂ ಕೂಡಿದವು. ನಾನು ನೂರಾರು ವರ್ಷ ಹಿಂದಕ್ಕೆ ಅಟ್ಟಿದ್ದ ಮೂಲಪುರುಷನನ್ನು ಆ ಅಕ್ಕ ಕಣ್ಣಾರೆ ನೋಡಿದ್ದರು. ನಾವು ಹೊರಟಾಗ ಅವರು, "ಆವತ್ತೇ ಹೇಳ್ಲಿಕ್ಕೆ ಬಂದದ್ದು, ನಿಮಗೆ ಪುರುಸೊತ್ತು ಇರಲಿಲ್ಲ" ಎಂದಿದ್ದರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗ ಎರಡು ದಾರಿಗಳಿದ್ದವು. ಆರರಲ್ಲಿ ಐದನ್ನು ಸದ್ದಿಲ್ಲದೆ ತೆಗೆದು ಉಳಿದದ್ದನ್ನು ಇಟ್ಟುಕೊಳ್ಳುವುದು. ಥೀಸಿಸ್ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು, ಹುದ್ದೆ ಸಿಗುತ್ತಿತ್ತು. ಆದರೆ ಉಳಿದವರನ್ನೂ ಅದೇ ತಪ್ಪು ಜರಡಿಯಲ್ಲಿ ಹಿಡಿದದ್ದು. ಇಲ್ಲವೇ ಅಳಿಯಸಂತಾನದ ಮನೆಗಳ ಪಟ್ಟಿಯನ್ನೇ ಕೈಬಿಟ್ಟು ಮತ್ತೆ ಮೊದಲಿಂದ ಮಾಡುವುದು. ನಾನು ಮೊದಲನೆಯದನ್ನು ಬಾಯಿಬಿಟ್ಟು ಹೇಳಿದೆ, ಅದೂ ಅವಳ ಒಳ್ಳೆಯದಕ್ಕೆ ಎಂಬಂತೆ. ಅವಳು ಪಟ್ಟಿ ಮಡಚಿದಳು. "ಬೇಡ ಸರ್. ಗೊತ್ತಿದ್ದೂ ನನ್ನ ಹೆಸರು ಹಾಕ್ಲಿಕ್ಕೆ ಆಗುವುದಿಲ್ಲ. ಇನ್ನೊಮ್ಮೆ ಮಾಡುವ" ಎಂದಳು. ನಾನು ಸಮ್ಮೇಳನದ ಸಾರಾಂಶ ಹಿಂತೆಗೆದುಕೊಂಡೆ. ಕಾರಣದ ಜಾಗದಲ್ಲಿ "ತಾಂತ್ರಿಕ" ಎಂದು ಬರೆದೆ.

ಮತ್ತೆ ಒಂದು ವರ್ಷ ಹಿಡಿಯಿತು. ಹಿಂದೆ ಬೇಡವೆಂದು ಕಳಿಸಿದವರ ಮನೆಗೆ ಹೋಗಿ ದಯವಿಟ್ಟು ಕೊಡಿ ಎಂದು ಕೇಳಿದೆವು. ರಜೆ ಹಾಕಿ ಕಾದಿದ್ದವರು ಬಾಗಿಲಲ್ಲೇ, "ಈಗ ಎಂತ, ನಮ್ಮದು ಕೂಡ ಆಗ್ತದಾ?" ಎಂದು ಕೇಳಿ ಆಮೇಲೆ ಕೆನ್ನೆ ಕೊಟ್ಟರು. ಪ್ರತಿ ಮನೆಯಲ್ಲೂ ಮೊದಲು ಹಿರಿಯ ಹೆಂಗಸಿನ ಹತ್ತಿರ ಕುಳಿತು ಮೂರು ತಲೆಮಾರಿನ ತಂದೆಯರ ಹೆಸರು ಬರೆದು, ಎಲ್ಲೂ ಕೂಡುವುದಿಲ್ಲ ಎಂದು ನೋಡಿ, ಆಮೇಲಷ್ಟೇ ಕಡ್ಡಿ ತೆಗೆಯುತ್ತಿದ್ದೆವು. ಈ ವಿಧಾನ ಅವಳದು. ಹೊಸ ಪಟ್ಟಿಯಲ್ಲಿ ಯಾವ ಮೂಲಪುರುಷನೂ ಎದ್ದು ಬರಲಿಲ್ಲ. ಬಗೆಬಗೆಯ ಬೇರುಗಳು, ಎಲ್ಲ ಕಡೆ ಚದುರಿದವು; ಬ್ಯಾರಿ ಮನೆಗಳ ಕೆಲವು ಗುರುತುಗಳಿಗೆ ಹತ್ತಿರದವು ಅಳಿಯಸಂತಾನದ ಮನೆಗಳಲ್ಲೂ ಇದ್ದವು. ಪತ್ರಿಕೆಗೆ ಸುದ್ದಿಯಾಗುವಂಥದ್ದಲ್ಲ, ಆದರೆ ನಿಜ.

ನಡುವೆ ಬೆಂಗಳೂರಿನ ಹುದ್ದೆ ಬೇರೆಯವರಿಗೆ ಹೋಯಿತು. ಥೀಸಿಸ್ ತಡವಾಯಿತಲ್ಲ, ಅವರೂ ಎಷ್ಟು ಕಾದಾರು ಎಂದುಕೊಂಡೆ. ಮೇಡಂಗೆ ಬರೆದಿದ್ದ ಆ ಮೂರು ಸಾಲನ್ನು ಸರಿಪಡಿಸಬೇಕೆಂದು ಎಷ್ಟೋ ಸಲ ಮೇಲ್ ತೆರೆದು ಕುಳಿತಿದ್ದೇನೆ. ನೇರವಾಗಿ ಸಿಕ್ಕಾಗ ಹೇಳುವ, ಥೀಸಿಸ್ ಮುಗಿಯಲಿ ಎಂದು ಮುಂದೂಡಿದೆ. ಹೇಡಿಗೆ ಮುಹೂರ್ತ ಕೂಡಿ ಬರುವುದೇ ಇಲ್ಲ.

ಮೌಖಿಕ ಪರೀಕ್ಷೆಯ ದಿನ ವಿಭಾಗದವರೆಲ್ಲ ಬಂದಿದ್ದರು. ಮೇಡಂ ಗೋಡೆಯ ಪರದೆಯಲ್ಲಿದ್ದರು. ಹೊರಗಿನ ಪರೀಕ್ಷಕರು, "ಮೊದಲ ಸಂಗ್ರಹವನ್ನು ಕೈಬಿಟ್ಟಿದ್ದೀರಿ. ಬರಿಯನ್ನು ಆಧಾರವಾಗಿ ಇಟ್ಟುಕೊಂಡದ್ದು ಯಾರ ತೀರ್ಮಾನ?" ಎಂದು ಕೇಳಿದರು.

ಅವಳು ನೀರು ಕುಡಿದಳು. "ಸ್ಯಾಂಪ್ಲಿಂಗ್ ನನ್ನ ಜವಾಬ್ದಾರಿ ಆಗಿತ್ತು ಸರ್. ತಪ್ಪು ನನ್ನದು."

ನಾನು ಎದ್ದು ನಿಂತೆ. ಆ ಸಾಲು ಬರೆದವನು ನಾನು, ಇವಳು ಮೊದಲ ದಿನವೇ ಕೇಳಿದ್ದಳು, ನಾನು ಬಾಯಿ ಮುಚ್ಚಿಸಿದೆ, ಆಮೇಲೆ ತಪ್ಪನ್ನು ಇವಳ ತಲೆಗೆ ಕಟ್ಟಿ ಮೇಲ್ ಬರೆದೆ ಎಂದೆ. ಪರದೆಯಲ್ಲಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋದರು. ಪದವಿಗೆ ಶಿಫಾರಸಾಯಿತು. ಹೊರಗೆ ಬರುವಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹಗುರವೆನಿಸಿತ್ತು. ದೊಡ್ಡ ಕೆಲಸ ಮಾಡಿದವನ ಹಾಗೆ ಅವಳ ಹತ್ತಿರ ಹೋಗಿ, "ಹುದ್ದೆ ಕೈತಪ್ಪಿದ್ದು ನನ್ನಿಂದ ಆದ ತಡದಿಂದಲೇ. ಕ್ಷಮಿಸಬೇಕು" ಎಂದೆ.

ಅವಳು ಥೀಸಿಸ್ ಪ್ರತಿಗಳನ್ನು ಚೀಲಕ್ಕೆ ಹಾಕುತ್ತಿದ್ದಳು.

"ತಡ ಆದದ್ದಕ್ಕೆ ಅಲ್ಲ ಸರ್. ನಾವು ಎರಡನೇ ಸಲ ಶುರು ಮಾಡಿದಾಗಲೇ ಮೇಡಂ ಫೋನ್ ಮಾಡಿದ್ರು. ಎಷ್ಟು ತಡ ಆದ್ರೂ ಹುದ್ದೆ ಇಟ್ಟುಕೊಳ್ತೇನೆ, ಆದರೆ ಸರ್ ಬರೆದದ್ದು ಹೌದಾ, ನಿನ್ನಿಂದ ಅಜಾಗರೂಕತೆ ಆಯ್ತಾ ಅಂತ ಕೇಳಿದ್ರು. ಹೌದು ಅಂತ ಹೇಳಿದೆ."

"ಯಾಕೆ? ಹಾಗೆ ಯಾಕೆ ಹೇಳಿದ್ದು?"

ಅವಳು ನನ್ನನ್ನು ನೋಡಿದಳು. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿಲ್ಲವೇ ಎಂಬ ಆಶ್ಚರ್ಯ ಬಿಟ್ಟರೆ ಅವಳ ಮುಖದಲ್ಲಿ ಬೇರೇನೂ ಇರಲಿಲ್ಲ.

"ಥೀಸಿಸ್‌ಗೆ ನಿಮ್ಮ ಸಹಿ ಬೇಕಿತ್ತಲ್ಲ ಸರ್."